ಕರಡು ಬರೆದವರ ನೆನಪಿಗೂ ಬೆಲೆಯಿದೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಅಮೆರಿಕದ ಅಧ್ಯಕ್ಷರಿಗೆ ಭಾಷಣ ಬರೆದುಕೊಡುತ್ತಿದ್ದವರು ಕೆಲಸ ಬಿಟ್ಟ ಮೇಲೆ ಪ್ರಕಟಿಸುವ ನೆನಪಿನ ಪುಸ್ತಕಗಳ ಬಗ್ಗೆ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಲೇಖಕರು ಮುಖ್ಯವಾಗಿ ಎರಡು ಮಾತು ಹೇಳಿದ್ದಾರೆ. ಇಂಥ ಪುಸ್ತಕ ಬರೆಯುವುದು ಉಂಡ ಮನೆಗೆ ಎರಡು ಬಗೆದಂತೆ ಎಂಬುದು ಮೊದಲನೆಯದು. ಅಧ್ಯಕ್ಷರು ಆಡಿದ ದೊಡ್ಡ ಮಾತುಗಳೆಲ್ಲ ಬೇರೆ ಯಾರೋ ಬರೆದವು ಎಂದು ಈ ಪುಸ್ತಕಗಳಿಂದ ತಿಳಿಯುವುದರಿಂದ ಅಧ್ಯಕ್ಷರು ಬರೀ ಸೂತ್ರದ ಗೊಂಬೆಗಳು ಎಂಬುದು ಎರಡನೆಯದು. ಇವೆರಡನ್ನೂ ನಾನು ಒಪ್ಪಲಾರೆ. ಒಂದು ಸರ್ಕಾರ ಹೇಗೆ ತೀರ್ಮಾನಕ್ಕೆ ಬರುತ್ತದೆ, ತೀರ್ಮಾನವಾಗದ್ದನ್ನು ಹೇಗೆ ಮಾತಿನಲ್ಲಿ ಮುಚ್ಚುತ್ತದೆ ಎಂಬುದನ್ನು ತಿಳಿಯಲು ಸಾಮಾನ್ಯ ಓದುಗರಿಗೆ ಇರುವ ಕೆಲವೇ ದಾರಿಗಳಲ್ಲಿ ಈ ಪುಸ್ತಕಗಳೂ ಸೇರಿವೆ ಎಂದು ನಂಬಿರುವ ನಾನು, ಆ ನಂಬಿಕೆಗೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾದುದಕ್ಕೆ ಕ್ಷಮೆ ಇರಲಿ.

ಈ ವಿಷಯದ ಮೇಲೆ ನನಗಿರುವ ಅಕ್ಕರೆಗೆ ಒಂದು ಹಿನ್ನೆಲೆಯಿದೆ. ನೌಕರಿಯ ಬಹುಭಾಗವನ್ನು ನಾನು ಒಂದು ಸಂಸ್ಥೆಯ ಮುಖ್ಯಸ್ಥರಿಗೆ ಭಾಷಣದ ಕರಡು ಸಿದ್ಧಪಡಿಸುವುದರಲ್ಲಿ ಕಳೆದವನು. ಮೊದಲ ವರ್ಷ ಬರೆದ ಒಂದು ಕರಡಿನಲ್ಲಿ ‘ಅವಿಸ್ಮರಣೀಯ ಕಾರ್ಯನಿರ್ವಹಣೆ’ ಎಂದು ಹಾಕಿದ್ದೆ. ಅವರು ಅದನ್ನು ನನ್ನೆದುರೇ ಗಟ್ಟಿಯಾಗಿ ಓದಿದರು, ಅಲ್ಲಿಗೆ ಬಂದಾಗ ತಡವರಿಸಿದರು, ಮತ್ತೆ ಹಿಂದಿನ ಸಾಲಿನಿಂದ ಓದಿ ಮತ್ತೆ ಅಲ್ಲೇ ತಡವರಿಸಿದರು. ಆಮೇಲೆ ಪೆನ್ನು ತೆಗೆದು ಆ ಎರಡು ಪದಗಳ ಮೇಲೆ ಗೆರೆ ಎಳೆದು ‘ಮರೆಯಲಾಗದ ಕೆಲಸ’ ಎಂದು ಬರೆದು ಕಾಗದವನ್ನು ನನ್ನ ಕಡೆಗೆ ತಳ್ಳಿದರು. ಮುಂದೆ ನಾನು ಬರೆದ ಯಾವ ಕರಡನ್ನೂ ಒಮ್ಮೆ ಬಾಯಿಬಿಟ್ಟು ಓದದೆ ಅವರ ಮೇಜಿನ ಮೇಲೆ ಇಟ್ಟಿಲ್ಲ. ಆ ಭಾಷಣ ಯಾರದು ಎಂದು ಯಾರಾದರೂ ಕೇಳಿದ್ದರೆ ಅವರದೇ ಎನ್ನುತ್ತಿದ್ದೆ, ಏಕೆಂದರೆ ಆ ಮಾತನ್ನು ಸಭೆಯಲ್ಲಿ ಎದ್ದು ನಿಂತು ಆಡಿದವರೂ ಮಾರನೆಯ ದಿನ ಅದಕ್ಕೆ ಉತ್ತರ ಕೊಡಬೇಕಾದವರೂ ಅವರೇ ಆಗಿದ್ದರು.

ಇದೇ ಮಾತನ್ನು ಬಹಳ ದೊಡ್ಡ ಮಟ್ಟದಲ್ಲಿ ಬದುಕಿ ತೋರಿಸಿದವರು ಜಾನ್ ಎಫ್. ಕೆನಡಿ ಅವರ ಸಹಾಯಕರಾಗಿದ್ದ ಟೆಡ್ ಸೊರೆನ್ಸೆನ್. ನೆಬ್ರಾಸ್ಕ ರಾಜ್ಯದ ಲಿಂಕನ್ ಎಂಬ ಊರಿನ ಈ ವಕೀಲ 1953ರ ಜನವರಿಯಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ, ಆಗಷ್ಟೇ ಸೆನೆಟರ್ ಆಗಿದ್ದ ಕೆನಡಿ ಅವರ ಬಳಿ ಕೆಲಸಕ್ಕೆ ಸೇರಿದರು. 1963ರಲ್ಲಿ ಕೆನಡಿ ಅವರ ಹತ್ಯೆಯಾಗುವವರೆಗೂ ಜೊತೆಯಲ್ಲಿದ್ದರು. 1961ರ ಜನವರಿ 20ರ ಪ್ರಮಾಣವಚನದ ಭಾಷಣ ಹದಿನಾಲ್ಕು ನಿಮಿಷಗಳ ಒಳಗೆ ಮುಗಿಯಿತು. ಅದರ ತಯಾರಿಗಾಗಿ ಸೊರೆನ್ಸೆನ್ ಹಿಂದಿನ ಅಧ್ಯಕ್ಷರ ಪ್ರಮಾಣವಚನದ ಭಾಷಣಗಳನ್ನೆಲ್ಲ ಓದಿದರು. ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಸುಮಾರು 270 ಪದಗಳ ಗೆಟಿಸ್‌ಬರ್ಗ್ ಭಾಷಣವನ್ನು ಕೂತು ಬಿಡಿಸಿ ನೋಡಿ, ಚಿಕ್ಕ ಪದ ಸಾಕಾಗುವಲ್ಲಿ ಲಿಂಕನ್ ದೊಡ್ಡ ಪದ ಬಳಸಿಲ್ಲ ಎಂಬುದನ್ನು ಗುರುತಿಸಿಕೊಂಡರು. ಅನೇಕ ಹಿರಿಯರಿಗೆ ತಂತಿ ಕಳಿಸಿ ಸಲಹೆ ಕೇಳಿದರು. ಹಾಗೆ ಸಲಹೆ ಕೊಟ್ಟವರಲ್ಲಿ ಒಬ್ಬರು, ಕೆಲವೇ ತಿಂಗಳಲ್ಲಿ ರಾಯಭಾರಿಯಾಗಿ ದೆಹಲಿಗೆ ಬಂದ ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೇತ್. ಹೆದರಿ ಮಾತುಕತೆಗೆ ಹೋಗುವುದು ಬೇಡ, ಹಾಗೆಂದು ಮಾತುಕತೆಗೇ ಹೆದರುವುದೂ ಬೇಡ ಎಂಬ, ಇಂದಿಗೂ ಜನ ಉದ್ಧರಿಸುವ ಸಾಲಿನ ಮೂಲ ರೂಪ ಅವರು ಕಳಿಸಿದ ಕರಡಿನಲ್ಲಿತ್ತು. ಕೆನಡಿ ತಾವೇ ವಿಮಾನದಲ್ಲಿ ಕುಳಿತು ತಮ್ಮ ಕಾರ್ಯದರ್ಶಿಗೆ ಕೆಲವು ಭಾಗಗಳನ್ನು ಹೇಳಿ ಬರೆಸಿದರು. ದೇಶ ನಿಮಗೇನು ಕೊಡುತ್ತದೆ ಎಂದು ಕೇಳಬೇಡಿ, ದೇಶಕ್ಕೆ ನೀವೇನು ಕೊಡಬಲ್ಲಿರಿ ಎಂದು ಕೇಳಿಕೊಳ್ಳಿ ಎಂಬ ಸಾಲಿನ ಭಾವವೂ ದಿಢೀರನೆ ಹುಟ್ಟಿದ್ದಲ್ಲ. 1960ರ ಜುಲೈನಲ್ಲಿ ಪಕ್ಷದ ಅಭ್ಯರ್ಥಿತನವನ್ನು ಒಪ್ಪಿಕೊಂಡ ಭಾಷಣದಲ್ಲೇ ಕೆನಡಿ, ತಾನು ಜನರಿಗೆ ಏನು ಕೊಡುತ್ತೇನೆ ಎಂಬುದಕ್ಕಿಂತ ಜನರಿಂದ ಏನು ಕೇಳುತ್ತೇನೆ ಎಂಬುದನ್ನು ಹೇಳಲು ಬಂದಿದ್ದೇನೆ ಎಂಬ ಅರ್ಥದ ಮಾತಾಡಿದ್ದರು.

ಹೀಗಿರುವಾಗ ಆ ಭಾಷಣ ಒಬ್ಬರ ಸ್ವತ್ತು ಎನ್ನುವುದು ಹೇಗೆ? ಲೇಖಕರು ‘ಆ ಸಾಲು ತನ್ನದೇ ಎಂದು ಸೊರೆನ್ಸೆನ್ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ’ ಎಂದು ಬರೆದಿದ್ದಾರೆ. ಅದು ತಪ್ಪು. 2008ರಲ್ಲಿ ಬಂದ ಆ ಪುಸ್ತಕದಲ್ಲಿ ಸೊರೆನ್ಸೆನ್ ಅಂಥ ಹಕ್ಕು ಸಾಧಿಸಿಲ್ಲ. ನೀವೇ ಬರೆದಿರಾ ಎಂದು ಕೇಳಿದವರಿಗೆ ಅವರು ಇಂಗ್ಲಿಷಿನಲ್ಲಿ ಆ ಸಾಲಿನ ಮೊದಲ ಎರಡು ಪದಗಳಾದ ‘ಆಸ್ಕ್ ನಾಟ್’ ಅನ್ನೇ ಉತ್ತರವಾಗಿ ಕೊಡುತ್ತಿದ್ದರು: ‘ಕೇಳಬೇಡಿ’. ದೊಡ್ಡ ಹುದ್ದೆಯಲ್ಲಿರುವವರು ತಮ್ಮ ನಂಬಿಕೆಯನ್ನು ಹೇಳುವ ಮಾತನ್ನು ಆಡಿ, ಅದರಿಂದ ಬರುವ ಹೊಗಳಿಕೆಗೂ ತೆಗಳಿಕೆಗೂ ತಾವೇ ತಲೆಕೊಟ್ಟರೆ ಆ ಮಾತು ಅವರದೇ ಎಂಬುದು ಅವರ ನಿಲುವು.

ಆದರೆ ಅದೇ ಪುಸ್ತಕದಲ್ಲಿ ಅವರು ಒಪ್ಪಿಕೊಂಡಿರುವ ಇನ್ನೊಂದು ಸಂಗತಿ ಲೇಖಕರ ಕಣ್ಣಿಗೆ ಬಿದ್ದಿಲ್ಲ. ಕೆನಡಿ ಅವರ ಹೆಸರಿನಲ್ಲಿ 1956ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಪುಸ್ತಕವನ್ನು ಬರೆದವರು ಬೇರೆಯವರು ಎಂದು 1957ರ ಡಿಸೆಂಬರ್‌ನಲ್ಲಿ ಎಬಿಸಿ ದೂರದರ್ಶನದಲ್ಲಿ ಒಬ್ಬ ಪತ್ರಕರ್ತರು ಹೇಳಿದಾಗ, ಸೊರೆನ್ಸೆನ್ ತಾನು ಅದರ ಲೇಖಕನಲ್ಲ ಎಂದು ಪ್ರಮಾಣಪತ್ರ ಬರೆದುಕೊಟ್ಟರು. ವಾಹಿನಿ ತನ್ನ ಮಾತನ್ನು ಹಿಂತೆಗೆದುಕೊಂಡಿತು. ಐವತ್ತು ವರ್ಷಗಳ ನಂತರ ಅವರೇ, ಹೆಚ್ಚಿನ ಅಧ್ಯಾಯಗಳ ಮೊದಲ ಕರಡು ತನ್ನದು ಎಂದು ಬರೆದರು. ಇಲ್ಲಿ ನನಗೆ ನಿಜವಾಗಿ ನೋವಾಗುತ್ತದೆ. ಭಾಷಣವನ್ನು ಜನ ಹುದ್ದೆಯ ಮಾತಾಗಿ ಕೇಳುತ್ತಾರೆ, ಅದರ ಹಿಂದೆ ಹಲವು ಕೈಗಳಿರುವುದು ಎಲ್ಲರಿಗೂ ಗೊತ್ತು. ಪುಸ್ತಕದ ಮೇಲಿನ ಹೆಸರನ್ನು ಜನ ಬರೆದವರ ಹೆಸರಾಗಿಯೇ ಓದುತ್ತಾರೆ, ಪ್ರಶಸ್ತಿಯೂ ಆ ಹೆಸರಿಗೇ ಸಲ್ಲುತ್ತದೆ. ನಿಷ್ಠೆಯ ಹೆಸರಿನಲ್ಲಿ ಆ ಪ್ರಮಾಣಪತ್ರ ಬರೆದದ್ದಕ್ಕಿಂತ, ತಡವಾಗಿಯಾದರೂ ನಿಜ ಬರೆದದ್ದು ದೊಡ್ಡದು ಎಂದೇ ನಾನು ತಿಳಿಯುತ್ತೇನೆ.

ಇನ್ನು ಸೂತ್ರದ ಗೊಂಬೆಯ ಮಾತಿಗೆ ಬರುತ್ತೇನೆ. 1962ರ ಅಕ್ಟೋಬರ್ 16ರಂದು, ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ನೆಲೆಯೂರುತ್ತಿರುವ ಚಿತ್ರಗಳು ಸಿಕ್ಕಿವೆ ಎಂದು ಕೆನಡಿ ಅವರಿಗೆ ತಿಳಿಸಲಾಯಿತು. ವಿಮಾನದಾಳಿ ಮಾಡಬೇಕೆ, ದ್ವೀಪವನ್ನು ಹಡಗುಗಳಿಂದ ಸುತ್ತುವರಿಯಬೇಕೆ ಎಂದು ಸಲಹೆಗಾರರ ಗುಂಪು ದಿನಗಟ್ಟಲೆ ವಾದಿಸಿತು. ಒಲವು ದಿಗ್ಬಂಧನದ ಕಡೆಗೆ ತಿರುಗಿದಾಗ ಭಾಷಣದ ಕರಡು ತಯಾರಿಸುವ ಹೊಣೆ ಸೊರೆನ್ಸೆನ್ ಅವರಿಗೆ ಬಂತು. ತಮ್ಮ ಕೋಣೆಗೆ ಹೋಗಿ ಬರೆಯಲು ಕುಳಿತಾಗ ಏನಾಯಿತು ಎಂಬುದನ್ನು ಅವರು 1965ರ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ದಿಗ್ಬಂಧನಕ್ಕೂ ಆಗಲೇ ದ್ವೀಪದಲ್ಲಿರುವ ಕ್ಷಿಪಣಿಗಳಿಗೂ ಏನು ಸಂಬಂಧ? ಇದರಿಂದ ಅವು ಹೊರಗೆ ಹೋಗುವುದು ಹೇಗೆ? ಅಷ್ಟರಲ್ಲಿ ಅವು ಹಾರಲು ಸಿದ್ಧವಾಗಿಬಿಟ್ಟರೆ ಏನು ಮಾಡುವುದು? ಸೋವಿಯತ್ ನಾಯಕ ಕ್ರುಶ್ಚೇವ್ ಅವರೊಂದಿಗೆ ಹೇಗೆ ಸಂಪರ್ಕದಲ್ಲಿರುವುದು? ಇವಕ್ಕೆ ಉತ್ತರವಿಲ್ಲದೆ ಮುಂದಿನ ಸಾಲು ಹೊರಡಲಿಲ್ಲ. ಅವರು ಭಾಷಣವನ್ನು ಬಿಟ್ಟು ಆ ಪ್ರಶ್ನೆಗಳನ್ನೇ ಹಿಡಿದುಕೊಂಡು ಸಭೆಗೆ ಮರಳಿದರು. ಅಲ್ಲಿ ಒಂದೊಂದಕ್ಕೂ ಉತ್ತರ ಹುಡುಕುತ್ತ ಹೋದಂತೆ ಅಧ್ಯಕ್ಷರ ನೀತಿಗೆ ಕೊನೆಯ ರೂಪ ಬರತೊಡಗಿತು.

ಈ ಪ್ರಸಂಗವನ್ನು ಎಷ್ಟು ಸಲ ಓದಿದರೂ ನನಗೆ ತೃಪ್ತಿಯಾಗುವುದಿಲ್ಲ. ಮೇಜಿನ ಸುತ್ತ ಕುಳಿತು ಮಾತಾಡುವಾಗ ಎಲ್ಲರೂ ಒಪ್ಪಿದಂತೆ ಕಾಣುವ ವಿಷಯ ಕಾಗದದ ಮೇಲೆ ಕರ್ತೃ, ಕರ್ಮ, ಕ್ರಿಯಾಪದಗಳೊಂದಿಗೆ ನಿಲ್ಲಬೇಕಾದಾಗ ಒಪ್ಪಿಗೆ ಎಲ್ಲಿ ಆಗಿಲ್ಲ ಎಂಬುದು ಬಯಲಾಗುತ್ತದೆ. ಯಾರು, ಯಾವಾಗ, ಏನು ಮಾಡುತ್ತಾರೆ ಎಂಬುದನ್ನು ವಾಕ್ಯ ಕೇಳಿಯೇ ಕೇಳುತ್ತದೆ. ಕರಡು ಬರೆಯುವವನ ನಿಜವಾದ ಕೆಲಸ ಇದು. ಚೆಂದದ ಮಾತು ಕಟ್ಟುವುದು ಅದರ ಒಂದು ಸಣ್ಣ ಪಾಲು. ಅಕ್ಟೋಬರ್ 22ರ ಸಂಜೆ ಕೆನಡಿ ಓದಿದ ಭಾಷಣದಲ್ಲಿ ‘ದಿಗ್ಬಂಧನ’ದ ಬದಲು ‘ಕ್ವಾರಂಟೈನ್’ ಎಂಬ ಪದ ಬಂತು, ಏಕೆಂದರೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ದಿಗ್ಬಂಧನವೆಂದರೆ ಯುದ್ಧದ ಕೃತ್ಯ. ಆ ಒಂದು ಪದದ ಆಯ್ಕೆಯಲ್ಲಿ ಎದುರಾಳಿ ಹಿಂದೆ ಸರಿಯಲು ಬೇಕಾದಷ್ಟು ಜಾಗ ಉಳಿಯಿತು. ಇದನ್ನು ಬರೆದವರು ಯಾರು ಎಂಬ ಕುತೂಹಲ, ಇದು ಹೇಗೆ ತೀರ್ಮಾನವಾಯಿತು ಎಂಬ ತಿಳಿವಿನ ಮುಂದೆ ಬಹಳ ಚಿಕ್ಕದು.

ಗೊಂಬೆಗೆ ದಾರ ಕಿತ್ತುಹೋದರೆ ಮಾತು ನಿಲ್ಲಬೇಕು. 1963ರ ಜೂನ್ 11ರ ರಾತ್ರಿ ಕರಿಯರ ನಾಗರಿಕ ಹಕ್ಕುಗಳ ಬಗ್ಗೆ ಕೆನಡಿ ದೂರದರ್ಶನದಲ್ಲಿ ಮಾತಾಡಬೇಕಿದ್ದಾಗ ಕರಡು ಅವರ ಕೈಸೇರಿದ್ದು ಕೆಲವೇ ನಿಮಿಷಗಳ ಮೊದಲು; ಕೊನೆಯ ಭಾಗವನ್ನು ಅವರು ಕಾಗದವಿಲ್ಲದೆಯೇ ಆಡಿ ಮುಗಿಸಿದರು. 1993ರ ಸೆಪ್ಟೆಂಬರ್ 22ರಂದು ಆರೋಗ್ಯ ವ್ಯವಸ್ಥೆಯ ಸುಧಾರಣೆಯ ಬಗ್ಗೆ ಸಂಸತ್ತಿನ ಜಂಟಿ ಅಧಿವೇಶನದ ಮುಂದೆ ನಿಂತ ಬಿಲ್ ಕ್ಲಿಂಟನ್ ಅವರ ಟೆಲಿಪ್ರಾಂಪ್ಟರ್‌ನಲ್ಲಿ ತಿಂಗಳುಗಳ ಹಿಂದಿನ ಬೇರೊಂದು ಭಾಷಣ ಹರಿಯುತ್ತಿತ್ತು. ಅದನ್ನು ಸರಿಪಡಿಸುವವರೆಗೆ ಸುಮಾರು ಏಳು ನಿಮಿಷ ಅವರು ನೆನಪಿನಿಂದಲೇ ಮಾತಾಡಿದರು, ಸಭೆಯಲ್ಲಿದ್ದವರಿಗೆ ಅದು ಗೊತ್ತೇ ಆಗಲಿಲ್ಲ.

ರೊನಾಲ್ಡ್ ರೇಗನ್ ಅವರ ಬರ್ಲಿನ್ ಭಾಷಣದ ಕಥೆ ಇನ್ನೂ ಸ್ಪಷ್ಟ. 1987ರಲ್ಲಿ ಮೂವತ್ತು ವರ್ಷದ ಪೀಟರ್ ರಾಬಿನ್ಸನ್ ಕರಡು ಬರೆಯುವ ಮೊದಲು ಊರು ನೋಡಲು ಬರ್ಲಿನ್‌ಗೆ ಹೋದರು. ಊರನ್ನು ಎರಡಾಗಿ ಸೀಳಿರುವ ಗೋಡೆ ಇಲ್ಲಿಯವರಿಗೆ ರೂಢಿಯಾಗಿಬಿಟ್ಟಿದೆ, ಅದರ ಬಗ್ಗೆ ಗದ್ದಲ ಬೇಡ ಎಂದು ಅಲ್ಲಿನ ಅಮೆರಿಕನ್ ರಾಜತಾಂತ್ರಿಕ ಅಧಿಕಾರಿಯೊಬ್ಬರು ಹೇಳಿದರು. ಅಂದು ರಾತ್ರಿ ಊರಿನ ಒಂದು ಮನೆಯಲ್ಲಿ ಊಟಕ್ಕೆ ಕೂತಾಗ ರಾಬಿನ್ಸನ್, ನಿಮಗೆ ನಿಜವಾಗಿಯೂ ರೂಢಿಯಾಗಿದೆಯೇ ಎಂದು ಕೇಳಿದರು. ಮೇಜು ಮೌನವಾಯಿತು. ಒಬ್ಬರು ಕೈಯೆತ್ತಿ ದಿಕ್ಕು ತೋರಿಸಿ, ಆ ಕಡೆ ಇಪ್ಪತ್ತು ಮೈಲಿ ದೂರದಲ್ಲಿ ತನ್ನ ಅಕ್ಕತಂಗಿಯೊಬ್ಬಳಿದ್ದಾಳೆ, ಮುಖ ನೋಡಿ ಇಪ್ಪತ್ತು ವರ್ಷ ದಾಟಿತು ಎಂದರು. ಮತ್ತೊಬ್ಬರು, ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕಾವಲು ಗೋಪುರದ ಸೈನಿಕ ದುರ್ಬೀನು ಹಿಡಿದು ತನ್ನನ್ನು ನೋಡುವುದನ್ನು ಹೇಳಿದರು; ಇಬ್ಬರದೂ ಒಂದೇ ಭಾಷೆ, ಒಂದೇ ಚರಿತ್ರೆ, ಆದರೆ ಒಬ್ಬ ಮೃಗಾಲಯದ ಕಾವಲುಗಾರ, ಇನ್ನೊಬ್ಬ ಅದರೊಳಗಿನ ಪ್ರಾಣಿ ಎಂದರು. ಕೊನೆಗೆ ಮನೆಯೊಡತಿ ಮುಖ ಕೆಂಪಾಗಿ, ಒಂದು ಅಂಗೈಗೆ ಇನ್ನೊಂದು ಮುಷ್ಟಿಯಿಂದ ಗುದ್ದಿ, ಸೋವಿಯತ್ ನಾಯಕ ಗೋರ್ಬಚೇವ್ ಅವರಿಗೆ ತಮ್ಮ ಮಾತಿನಲ್ಲಿ ನಿಜವಾಗಿ ನಂಬಿಕೆಯಿದ್ದರೆ ಈ ಗೋಡೆಯನ್ನು ತೆಗೆದು ತೋರಿಸಲಿ ಎಂದರು. ರಾಬಿನ್ಸನ್ ಆ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು.

ಮುಂದಿನ ವಾರಗಳಲ್ಲಿ ವಿದೇಶಾಂಗ ಇಲಾಖೆ ಮತ್ತು ರಾಷ್ಟ್ರೀಯ ಭದ್ರತಾ ಮಂಡಳಿಗಳು ಆ ಸಾಲನ್ನು ತೆಗೆಸಲು ಮಾಡಿದ ಪ್ರಯತ್ನವನ್ನು ರಾಬಿನ್ಸನ್ ವಿವರವಾಗಿ ಬರೆದಿದ್ದಾರೆ. ಏಳಕ್ಕೆ ಕಡಿಮೆಯಿಲ್ಲದಷ್ಟು ಬದಲಿ ಕರಡುಗಳು ಬಂದವು, ಒಂದರಲ್ಲೂ ಗೋಡೆ ಕೆಡವಿ ಎಂಬ ಮಾತಿರಲಿಲ್ಲ. ಆದರೆ ಮೇ 18ರಂದು ಅಧ್ಯಕ್ಷರ ಕಚೇರಿಯಲ್ಲಿ ನಡೆದ ಸಭೆಯಲ್ಲಿ, ಗೋಡೆಯ ಆಚೆ ರೇಡಿಯೊದಲ್ಲಿ ಕೇಳುವವರಿಗೆ ಏನಾದರೂ ಹೇಳಬೇಕೆಂದಿದೆಯೇ ಎಂದು ಕೇಳಿದಾಗ ರೇಗನ್, ಗೋಡೆ ಕೆಡವುವ ಆ ಭಾಗವಿದೆಯಲ್ಲ, ಆ ಗೋಡೆ ಬೀಳಲೇಬೇಕು, ಅವರಿಗೆ ಅದನ್ನೇ ಹೇಳಬೇಕು ಎಂದಿದ್ದರು. ಭಾಷಣಕ್ಕೆ ಕೆಲವೇ ದಿನಗಳಿರುವಾಗ ಅವರ ಉಪ ಮುಖ್ಯ ಕಾರ್ಯದರ್ಶಿ ಕೆನ್ ಡೂಬರ್‌ಸ್ಟೈನ್ ಇನ್ನೊಮ್ಮೆ ಆಕ್ಷೇಪಗಳನ್ನು ಮುಂದಿಟ್ಟಾಗ, ಅಧ್ಯಕ್ಷ ನಾನೇ ತಾನೆ, ತೀರ್ಮಾನವೂ ನನ್ನದೇ ತಾನೆ ಎಂದು ಕೇಳಿ, ಹಾಗಾದರೆ ಅದು ಇರಲಿ ಎಂದರು. ಜೂನ್ 12ರಂದು ಬ್ರಾಂಡೆನ್‌ಬರ್ಗ್ ದ್ವಾರದ ಮುಂದೆ ಅವರು ಅದನ್ನು ಆಡಿದರು. ಒಬ್ಬ ಗೃಹಿಣಿಯ ಸಿಟ್ಟು, ಒಬ್ಬ ಯುವಕನ ಟಿಪ್ಪಣಿ, ಇಡೀ ಇಲಾಖೆಯ ವಿರೋಧ, ಒಬ್ಬ ಅಧ್ಯಕ್ಷರ ಪಟ್ಟು, ಇವೆಲ್ಲ ಸೇರಿದ ಮೇಲೆ ಆ ಸಾಲು ಉಳಿಯಿತು. ರಾಬಿನ್ಸನ್ ಬರೆಯದೇ ಇದ್ದಿದ್ದರೆ ಅಂದು ರಾತ್ರಿ ಆ ಊಟದ ಮೇಜಿನಲ್ಲಿ ನಡೆದದ್ದು ಚರಿತ್ರೆಗೆ ಸೇರುತ್ತಿರಲಿಲ್ಲ.

ಅದೇ ರೇಗನ್ ಅವರಿಗೆ ಬರೆಯುತ್ತಿದ್ದ ಪೆಗ್ಗಿ ನೂನನ್ 1990ರ ತಮ್ಮ ಪುಸ್ತಕದಲ್ಲಿ, ಕೆಲಸಕ್ಕೆ ಸೇರಿ ಎಷ್ಟೋ ದಿನ ಅಧ್ಯಕ್ಷರನ್ನು ನೋಡಲೇ ಆಗಲಿಲ್ಲವೆಂದೂ ಮೊದಲು ಕಂಡದ್ದು ಅವರ ಕಾಲನ್ನು, ಪಾಲಿಷ್ ಮಾಡಿದ ಕಂದು ಬೂಟನ್ನು ಎಂದೂ ಬರೆದಿದ್ದಾರೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಏಳು ಜನರೊಂದಿಗೆ ಸಿಡಿದು ಹೋದ ದಿನ ಅವರು ಕೆಲವೇ ಗಂಟೆಗಳಲ್ಲಿ ಕರಡು ಸಿದ್ಧಪಡಿಸಿದರು. ಎರಡನೆಯ ಮಹಾಯುದ್ಧದಲ್ಲಿ 19ನೆಯ ವಯಸ್ಸಿಗೇ ತೀರಿಕೊಂಡ ವಿಮಾನ ಚಾಲಕನೊಬ್ಬನ ಕವಿತೆಯಿಂದ ತೆಗೆದ, ದೇವರ ಮುಖವನ್ನು ಮುಟ್ಟಿದರು ಎಂಬ ಸಾಲಿನಲ್ಲಿ ಅದು ಮುಗಿಯುತ್ತಿತ್ತು. ಪರಿಶೀಲನೆಗೆ ಹೋದಾಗ ಭದ್ರತಾ ಮಂಡಳಿಯ ಒಬ್ಬ ಯುವ ಅಧಿಕಾರಿ ಅದಕ್ಕೆ ಟೆಲಿಫೋನ್ ಕಂಪನಿಯ ಜಾಹೀರಾತಿನ ಮಾತೊಂದನ್ನು ಅಂಟಿಸಲು ಹೇಳಿದರಂತೆ. ನೂನನ್ ಒಪ್ಪಲಿಲ್ಲ. ಶಿಕ್ಷಕಿಯೊಬ್ಬರು ಆ ನೌಕೆಯಲ್ಲಿದ್ದುದರಿಂದ ಶಾಲೆಶಾಲೆಗಳಲ್ಲಿ ಮಕ್ಕಳು ಅದನ್ನು ನೇರವಾಗಿ ನೋಡಿದ್ದರು. ಆ ಮಕ್ಕಳಿಗೆ ಅಂದು ಯಾವ ಮಾತು ತಲುಪಬೇಕು ಎಂಬುದು ಒಬ್ಬ ಬರಹಗಾರ್ತಿಯ ಹಟದ ಮೇಲೆ ನಿಂತಿತ್ತೆಂದು ಯೋಚಿಸಿದರೆ ಈಗಲೂ ಮೈ ನಡುಗುತ್ತದೆ.

ಕರಡನ್ನು ಹತ್ತಾರು ಇಲಾಖೆಗಳಿಗೆ ಕಳಿಸಿ ಒಪ್ಪಿಗೆ ಪಡೆಯುವ ಈ ಪದ್ಧತಿಯನ್ನು ಬರಹಗಾರರೆಲ್ಲ ದೂರುತ್ತಾರೆ. ಸುಂದರವಾದ ಸಾಲನ್ನು ಅಧಿಕಾರಿಗಳು ಕೆಡಿಸುತ್ತಾರೆ ಎಂಬುದು ಈ ಪುಸ್ತಕಗಳ ನಿತ್ಯದ ಗೋಳು. ಆದರೆ ಅದೇ ಪದ್ಧತಿ ತಪ್ಪಿದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಇರಾಕಿನ ಸದ್ದಾಂ ಹುಸೇನ್ ಆಫ್ರಿಕಾದಿಂದ ಯುರೇನಿಯಂ ಪಡೆಯಲು ಯತ್ನಿಸಿದ್ದಾರೆ ಎಂಬರ್ಥದ ಮಾತನ್ನು 2002ರ ಅಕ್ಟೋಬರ್‌ನಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಸಿನ್ಸಿನಾಟಿಯಲ್ಲಿ ಮಾಡಬೇಕಿದ್ದ ಭಾಷಣದ ಕರಡಿನಿಂದ ಸಿಐಎ ಹೇಳಿ ತೆಗೆಸಿತ್ತು. 2003ರ ಜನವರಿ 28ರ ಭಾಷಣದಲ್ಲಿ ಅದು ಬ್ರಿಟಿಷ್ ಸರ್ಕಾರದ ಹೆಸರು ಹೊತ್ತು ಇಂಗ್ಲಿಷಿನ 16 ಪದಗಳ ಒಂದು ವಾಕ್ಯವಾಗಿ ಮರಳಿ ಬಂತು. ಎರಡು ತಿಂಗಳೊಳಗೆ ಇರಾಕ್ ಯುದ್ಧ ಶುರುವಾಯಿತು. ಆ ವಾಕ್ಯ ಭಾಷಣದಲ್ಲಿ ಇರಬಾರದಿತ್ತು ಎಂದು ಸಿಐಎ ನಿರ್ದೇಶಕರು ಒಪ್ಪಿಕೊಂಡದ್ದು ಜುಲೈನಲ್ಲಿ. ಹಾಗಾಗಿ ಕರಡು ಬರೆದವರ ನೆನಪಿನ ಪುಸ್ತಕ ಕೈಗೆ ಬಂದಾಗ ನಾನು ಮೊದಲು ಹುಡುಕುವುದು, ಯಾವ ಸಾಲನ್ನು ಯಾರು, ಏಕೆ ತೆಗೆಸಿದರು ಎಂಬುದನ್ನು. ಉಳಿದ ಸಾಲಿನ ಕೀರ್ತಿಗಿಂತ ಅದರಲ್ಲಿ ಕಲಿಯುವುದು ಹೆಚ್ಚು.

ಈ ಪುಸ್ತಕಗಳಲ್ಲಿ ದೋಷವಿಲ್ಲ ಎಂದು ನಾನು ಹೇಳುತ್ತಿಲ್ಲ. ನೆನಪು ಯಾವಾಗಲೂ ನೆನೆಯುವವನ ಕಡೆಗೇ ವಾಲುತ್ತದೆ. ಅದೇ ಬುಷ್ ಅವರ 2002ರ ಜನವರಿ 29ರ ಭಾಷಣದಲ್ಲಿ ಇರಾನ್, ಇರಾಕ್, ಉತ್ತರ ಕೊರಿಯಾಗಳನ್ನು ಒಟ್ಟಿಗೆ ಕಟ್ಟಿದ ‘ದುಷ್ಟಕೂಟ’ದ ಪದಪುಂಜದ ಬಗ್ಗೆ ಅವರ ಭಾಷಣ ಬರಹಗಾರರಲ್ಲಿ ಒಬ್ಬರಾಗಿದ್ದ ಡೇವಿಡ್ ಫ್ರಮ್ ಮರುವರ್ಷವೇ ಬರೆದರು: ಇರಾಕ್ ವಿರುದ್ಧದ ವಾದವನ್ನು ಒಂದೆರಡು ವಾಕ್ಯಗಳಲ್ಲಿ ಬರೆದುಕೊಡಲು ತಮಗೆ ಹೇಳಲಾಗಿತ್ತು, ತಾವು ‘ದ್ವೇಷದ ಕೂಟ’ ಎಂದು ಬರೆದದ್ದನ್ನು ಮುಖ್ಯ ಬರಹಗಾರ ಮೈಕೆಲ್ ಗರ್ಸನ್ ಬದಲಿಸಿದರು ಎಂದು. ಇಡೀ ತಂಡ ಕೂತು ಬರೆದದ್ದರ ಕೀರ್ತಿಯನ್ನು ಗರ್ಸನ್ ಒಬ್ಬರೇ ಪಡೆದುಕೊಂಡರು ಎಂದು ಅವರ ಸಹೋದ್ಯೋಗಿ ಮ್ಯಾಥ್ಯೂ ಸ್ಕಲ್ಲಿ 2007ರಲ್ಲಿ ಬಹಿರಂಗವಾಗಿ ಬರೆದರು. ಯಾವ ಪದ ಯಾರದು ಎಂಬ ಈ ಜಗಳ ನಡೆಯುತ್ತಿದ್ದಾಗ ಇರಾಕಿನಲ್ಲಿ ಜನ ಸಾಯುತ್ತಿದ್ದರು. ಮೂರು ಬೇರೆ ಬೇರೆ ದೇಶಗಳನ್ನು ಒಂದು ಪದದಲ್ಲಿ ಕಟ್ಟಬಹುದೇ ಎಂದು ಬರೆಯುವಾಗ ಯಾರಾದರೂ ಕೇಳಿದರೇ ಎಂಬುದನ್ನು ತಿಳಿಯಲು ನಾನು ಬಯಸಿದ್ದೆ. ಕ್ಯೂಬಾ ಬಿಕ್ಕಟ್ಟಿನಲ್ಲಿ ಪ್ರಶ್ನೆಗಳನ್ನು ಹಿಡಿದುಕೊಂಡು ಸಭೆಗೆ ಮರಳಿದವರನ್ನು ಇವರ ಪಕ್ಕದಲ್ಲಿಟ್ಟು ನೋಡಿದಾಗ ಬರವಣಿಗೆಯ ಹೊಣೆ ಏನೆಂಬುದು ನನಗೆ ಅರ್ಥವಾಗುತ್ತದೆ.

ಇನ್ನು ಉಂಡ ಮನೆಯ ಪ್ರಶ್ನೆ. ಇದನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. 1965ರ ಮಾರ್ಚ್ 7ರಂದು ಅಲಬಾಮ ರಾಜ್ಯದ ಸೆಲ್ಮಾದಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ನಡೆದು ಹೊರಟವರ ಮೇಲೆ ಪೊಲೀಸರು ಎರಗಿದ ಎಂಟು ದಿನಗಳ ನಂತರ, ಅಂದಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಸಂಸತ್ತಿನ ಮುಂದೆ ನಿಂತು ಚಳವಳಿಯವರು ಹಾಡುತ್ತಿದ್ದ ‘ನಾವು ಗೆದ್ದೇ ಗೆಲ್ಲುವೆವು’ ಎಂಬ ಮಾತನ್ನು ತಮ್ಮ ಬಾಯಲ್ಲೇ ಆಡಿದರು. ಆ ಕರಡನ್ನು ಒಂದೇ ಹಗಲಿನಲ್ಲಿ ಬರೆದವರು ರಿಚರ್ಡ್ ಗುಡ್‌ವಿನ್. 1928ರಲ್ಲಿ ಟೆಕ್ಸಾಸಿನ ಕೊಟುಲ್ಲಾದಲ್ಲಿ ಬಡ ಮೆಕ್ಸಿಕನ್ ಮಕ್ಕಳಿಗೆ ಪಾಠ ಹೇಳಿದ್ದ ಜಾನ್ಸನ್ ಅವರ ಸ್ವಂತ ನೆನಪು ಆ ಭಾಷಣದ ಜೀವಾಳವಾಯಿತು. ಅದೇ ವರ್ಷದ ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆಗೆ ಸಹಿ ಬಿತ್ತು. ಮುಂದೆ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಗುಡ್‌ವಿನ್ 1988ರ ತಮ್ಮ ಪುಸ್ತಕದಲ್ಲಿ, ಜಾನ್ಸನ್ ಅವರ ಮನಸ್ಸಿನ ಸಮತೋಲ ತಪ್ಪುತ್ತಿದೆಯೆಂದು ತಾನು ಭಯಪಟ್ಟು ಮನೋವೈದ್ಯರನ್ನು ವಿಚಾರಿಸಿದ್ದಾಗಿ ಬರೆದರು. ಜಾನ್ಸನ್ ತೀರಿಕೊಂಡು ಆಗ ಹದಿನೈದು ವರ್ಷವಾಗಿತ್ತು, ಉತ್ತರ ಕೊಡಲು ಅವರಿರಲಿಲ್ಲ. ಅವರ ಜೊತೆ ದುಡಿದ ಇತರರು ಅದನ್ನು ಒಪ್ಪಲಿಲ್ಲ. ಇಲ್ಲಿ ಲೇಖಕರ ಅಸಮಾಧಾನವನ್ನು ನಾನೂ ಹಂಚಿಕೊಳ್ಳುತ್ತೇನೆ. ತಾನು ಬರೆದ ಕಾಗದದ ಬಗ್ಗೆ ಸಾಕ್ಷಿ ಹೇಳಲು ಕರಡುಗಾರನಿಗೆ ಹಕ್ಕಿದೆ. ಇನ್ನೊಬ್ಬರ ಮನಸ್ಸಿನ ರೋಗವನ್ನು ನಿರ್ಣಯಿಸುವ ಹಕ್ಕು ಆ ಕೆಲಸದಿಂದ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಜೇಮ್ಸ್ ಫಾಲೋಸ್. ಜಿಮ್ಮಿ ಕಾರ್ಟರ್ ಅವರ ಮುಖ್ಯ ಭಾಷಣ ಬರಹಗಾರರಾಗಿದ್ದ ಅವರು ಕೆಲಸ ಬಿಟ್ಟು, ಕಾರ್ಟರ್ ಇನ್ನೂ ಅಧಿಕಾರದಲ್ಲಿದ್ದಾಗಲೇ, 1979ರಲ್ಲಿ ಒಂದು ಮಾಸಿಕದಲ್ಲಿ ದೀರ್ಘ ಲೇಖನ ಬರೆದರು. ಅಧ್ಯಕ್ಷರು ಶ್ವೇತಭವನದ ಟೆನಿಸ್ ಅಂಗಳವನ್ನು ಯಾರು ಯಾವಾಗ ಬಳಸಬೇಕು ಎಂಬ ಕೋರಿಕೆಗಳನ್ನೂ ತಾವೇ ನೋಡುತ್ತಿದ್ದರು ಎಂಬ ವಿವರ ಅದರಲ್ಲಿತ್ತು. ಅದನ್ನು ಅನೇಕರು ದ್ರೋಹವೆಂದರು. ನನಗೆ ಹಾಗೆನಿಸಿಲ್ಲ. ಕಾರ್ಟರ್ ಅವರ ಪ್ರಾಮಾಣಿಕತೆಯನ್ನು ಆ ಲೇಖನ ಗೌರವದಿಂದಲೇ ಕಾಣುತ್ತದೆ. ಅದು ಎತ್ತಿದ ದೂರು ಆಡಳಿತದ ರೀತಿಯ ಬಗ್ಗೆ, ಅದನ್ನು ಅಲ್ಲಗಳೆಯಲು ಅಧ್ಯಕ್ಷರು ಜೀವಂತವಾಗಿ ಅಧಿಕಾರದಲ್ಲಿದ್ದರು, ಮತ ಹಾಕಬೇಕಾದ ಜನರಿಗೆ ಅದು ಸಕಾಲದಲ್ಲಿ ತಲುಪಿತು.

ನೆನಪು ನಂಬಲರ್ಹವೇ ಎಂದು ಪರೀಕ್ಷಿಸಲು ದಾರಿಯೂ ಇದೆ. 1978ರ ಅಧ್ಯಕ್ಷೀಯ ದಾಖಲೆಗಳ ಕಾಯ್ದೆಯಂತೆ, ರೇಗನ್ ಅವರಿಂದ ಮೊದಲಾಗಿ ಅಧ್ಯಕ್ಷರ ಅಧಿಕೃತ ಕಾಗದಪತ್ರಗಳೆಲ್ಲ ಸಾರ್ವಜನಿಕ ಆಸ್ತಿ. ಕರಡುಗಳು, ಅವುಗಳ ಅಂಚಿನ ಟಿಪ್ಪಣಿಗಳು, ಇಲಾಖೆಗಳ ಆಕ್ಷೇಪಗಳು ಅಧ್ಯಕ್ಷರ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಹಿಂದಿನವರದೂ ಸಾಕಷ್ಟು ಉಳಿದಿವೆ. ಪರ್ಲ್ ಹಾರ್ಬರ್ ದಾಳಿಯ ನಂತರ ಫ್ರಾಂಕ್ಲಿನ್ ರೂಸ್‌ವೆಲ್ಟ್ ತಾವೇ ಹೇಳಿ ಟೈಪು ಮಾಡಿಸಿದ ಹಾಳೆಯಲ್ಲಿ ‘ಜಗತ್ತಿನ ಇತಿಹಾಸದಲ್ಲಿ ಉಳಿಯುವ ದಿನ’ ಎಂದಿದ್ದುದನ್ನು ಹೊಡೆದು ‘ಅಪಕೀರ್ತಿಯಲ್ಲಿ ಉಳಿಯುವ ದಿನ’ ಎಂದು ಅವರದೇ ಕೈಬರಹದಲ್ಲಿ ತಿದ್ದಿರುವುದನ್ನು ಇಂದಿಗೂ ನೋಡಬಹುದು. ನಿಕ್ಸನ್ ಅವರ ಬರಹಗಾರ ವಿಲಿಯಂ ಸಫೈರ್ 1969ರ ಜುಲೈ 18ರಂದು, ಚಂದ್ರನ ಮೇಲಿಳಿದವರು ಮರಳಿ ಬರಲಾಗದಿದ್ದರೆ ಅಧ್ಯಕ್ಷರು ಓದಬೇಕಾದ ಭಾಷಣವನ್ನು ಬರೆದಿಟ್ಟಿದ್ದರು. ಓದುವ ಮೊದಲು ವಿಧವೆಯರಾಗಲಿರುವ ಒಬ್ಬೊಬ್ಬರಿಗೂ ಅಧ್ಯಕ್ಷರು ಫೋನ್ ಮಾಡಬೇಕು ಎಂಬ ಸೂಚನೆಯನ್ನು ಅದೇ ಹಾಳೆಯ ಕೊನೆಗೆ ಟೈಪು ಮಾಡಿದ್ದರು. ಆಡದೇ ಉಳಿದ ಆ ಮಾತು ಮೂವತ್ತು ವರ್ಷ ಕಡತದಲ್ಲಿ ಮಲಗಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಎರಡು. ಮುಂದೆ ಇಂಥ ಪುಸ್ತಕಗಳ ಆಯ್ದ ಭಾಗಗಳನ್ನು ಪುರವಣಿಯಲ್ಲಿ ಪ್ರಕಟಿಸುವಾಗ, ಲಭ್ಯವಿದ್ದರೆ ಅದರ ಪಕ್ಕದಲ್ಲೇ ಆ ಭಾಷಣದ ತಿದ್ದಿದ ಕರಡಿನ ಒಂದು ಪುಟದ ಚಿತ್ರವನ್ನೂ ಅದರ ಕನ್ನಡ ಅನುವಾದವನ್ನೂ ಕೊಡಿ. ಮತ್ತು ಸೊರೆನ್ಸೆನ್ ಆ ಪ್ರಸಿದ್ಧ ಸಾಲನ್ನು ತನ್ನದೆಂದು ಹೇಳಿಕೊಂಡರು ಎಂಬ ವಾಕ್ಯಕ್ಕೆ ದಯವಿಟ್ಟು ತಿದ್ದುಪಡಿ ಪ್ರಕಟಿಸಿ. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಸಾಲು ತನ್ನದೆಂದು ಹೇಳದೆಯೇ ಉಳಿದರು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕರಡುಗಾರ